ಅಗ್ಗದ ಕುರ್ಚಿಯೂ ನಮ್ಮ ಬೆನ್ನೂ

ಮನೆಗೆ ತರುವ ಸಾಮಾನುಗಳಲ್ಲಿ ಕುರ್ಚಿಯಷ್ಟು ಅವಿಚಾರದಿಂದ ಕೊಳ್ಳುವ ವಸ್ತು ಮತ್ತೊಂದಿಲ್ಲವೆಂದು ನಮ್ಮ ಅಭಿಪ್ರಾಯ. ಅಂಗಿ ಹೊಲಿಸಬೇಕಾದರೆ ದರ್ಜಿಯು ಕತ್ತಿನಿಂದ ಮುಂಗೈಯವರೆಗೂ ಅಳೆಯುವನು. ಚಪ್ಪಲಿಯನ್ನು ನಾಲ್ಕು ಸಲ ಮೆಟ್ಟಿ ನೋಡಿ ಕೊಳ್ಳುವೆವು. ದಿನಕ್ಕೆ ಎಂಟು ಗಂಟೆಗಳ ಕಾಲ ದೇಹವನ್ನು ಹೊರತಕ್ಕ ಕುರ್ಚಿಯನ್ನಾದರೋ ಬಣ್ಣವನ್ನೂ ಬೆಲೆಯನ್ನೂ ನೋಡಿ ತರಿಸಿಬಿಡುತ್ತೇವೆ. 2020ರಲ್ಲಿ ಮಹಾಮಾರಿಯ ನಿಮಿತ್ತ ಕಚೇರಿಗಳು ಮುಚ್ಚಿ ಬೆಂಗಳೂರಿನಂಥ ಊರುಗಳಲ್ಲಿ ಮನೆಯೇ ಕಚೇರಿಯಾಯಿತಷ್ಟೆ. ಅಂದಿನಿಂದ ನಾಲ್ಕೈದು ಸಾವಿರ ರೂಪಾಯಿಗಳ ಗಾಲಿಕುರ್ಚಿಯು ಅನೇಕರ ನಡುಮನೆಯನ್ನು ಹೊಕ್ಕಿದೆ. ಅದರ ಹಿಂದೆಯೇ ಸೊಂಟನೋವೂ ಹೊಕ್ಕಿತೆಂದು ಹೇಳುವವರು ಕಡಮೆಯಿಲ್ಲ.

ತಿರುಗುವ ಕುರ್ಚಿಯು ಹೊಸತೇನೂ ಅಲ್ಲ. ಅಮೆರಿಕದ ಥಾಮಸ್ ವಾರನ್ ಎಂಬಾತನು 1849ರಲ್ಲಿ ಸ್ಪ್ರಿಂಗಿನ ಮೇಲೆ ಓಲಾಡುವ ಗಾಲಿಕುರ್ಚಿಯನ್ನು ರಚಿಸಿದನು; 1851ರ ಲಂಡನ್ ಮಹಾಪ್ರದರ್ಶನದಲ್ಲಿ ಜನರು ಅದನ್ನು ಕಂಡರು. ನಮ್ಮ ಶಾನುಭೋಗರಾದರೋ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ಲೆಕ್ಕ ಬರೆಯುತ್ತಿದ್ದರು. ಬೇಸರವಾದಾಗ ಕಾಲು ಬದಲಾಯಿಸುವುದಕ್ಕೆ ಅವರಿಗೆ ಯಾವ ಸನ್ನೆಗೋಲಿನ ಅಗತ್ಯವೂ ಇರಲಿಲ್ಲ.

ಕುರ್ಚಿಯ ಮೊದಲ ಪರೀಕ್ಷೆ ಎತ್ತರದ್ದು. ಪಾದಗಳೆರಡೂ ನೆಲಕ್ಕೆ ಪೂರ್ತಿಯಾಗಿ ಊರಿರಬೇಕು. ಆಸನವು ಮಂಡಿಯ ಹಿಂಬದಿಯ ಮಟ್ಟಕ್ಕೆ ಬರಬೇಕು. ಐದಡಿ ಎತ್ತರದ ಹೆಂಗಸಿಗೆ ನೆಲದಿಂದ ಆ ಮಟ್ಟ ಸುಮಾರು 15 ಅಂಗುಲ. ಅಗ್ಗದ ಕುರ್ಚಿಗಳಲ್ಲಿ ಹಲವು ಎಷ್ಟು ತಗ್ಗಿಸಿದರೂ 17 ಅಂಗುಲಕ್ಕಿಂತ ಕೆಳಗಿಳಿಯವು. ಪಾಶ್ಚಾತ್ಯರ ಅಳತೆಯಲ್ಲಿ ಪಾದರಕ್ಷೆಯ ದಪ್ಪವೂ ಸೇರಿರುವುದು. ನಾವು ಮನೆಯೊಳಗೆ ಬರಿಗಾಲಿನಲ್ಲಿರುವವರು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯು 1997ರಲ್ಲಿಯೇ ಭಾರತೀಯರ ದೇಹದ ಅಳತೆಗಳನ್ನು ಗ್ರಂಥರೂಪವಾಗಿ ಪ್ರಕಟಿಸಿತು. ಕೊಳ್ಳುವವರೂ ಮಾರುವವರೂ ಅದನ್ನು ನೆನೆಯುವುದು ಅಪರೂಪ. ಯಜಮಾನರ ಮೈಗೆ ಒಪ್ಪಿದ ಕುರ್ಚಿಯಲ್ಲಿಯೇ ಹಗಲೆಲ್ಲ ಸೊಸೆಯು ಕೆಲಸಮಾಡಬೇಕಾದರೆ ಅವಳ ಕಾಲು ತೂಗಾಡುವುದು, ತೊಡೆಯ ಕೆಳಭಾಗ ಒತ್ತುವುದು, ಸಂಜೆಗೆ ಪಾದ ಊದಿಕೊಳ್ಳುವುದು. ಮೇಜು ಇನ್ನೊಂದು ತೊಡಕು. ಸಾಮಾನ್ಯವಾದ ಮೇಜಿನ ಎತ್ತರ 29–30 ಅಂಗುಲ. ಮೊಣಕೈ ಮೇಜಿನ ಮಟ್ಟಕ್ಕೆ ಬರಲೆಂದು ಕುರ್ಚಿಯನ್ನು ಏರಿಸಿದರೆ ಕಾಲು ಮತ್ತಷ್ಟು ಮೇಲೇಳುವುದು. ಇದಕ್ಕೆ ಹಣ ತೆತ್ತು ಪಾದಪೀಠವನ್ನು ತರಿಸಬೇಕಾಗಿಲ್ಲ. ಊಟದ ಮಣೆಯೊಂದನ್ನು ಕಾಲಡಿಗೆ ಹಾಕಿದರಾಯಿತು, ಸಾಲದಿದ್ದರೆ ಎರಡು. ಹಿರಿಯರು ಆಕ್ಷೇಪಿಸಿಯಾರು, ಅದಕ್ಕೆಂದೇ ಹಳೆಯ ಮಣೆಯೊಂದನ್ನು ಬೇರೆ ಇಡಬಹುದು.

ಆಸನದ ಉದ್ದವನ್ನು ಕೇಳುವವರು ಇನ್ನೂ ವಿರಳ. ಬೆನ್ನು ಒರಗಿಗೆ ತಗಲುವಂತೆ ಹಿಂದಕ್ಕೆ ಸರಿದು ಕುಳಿತು, ಆಸನದ ಅಂಚಿಗೂ ಮಂಡಿಯ ಹಿಂಬದಿಗೂ ನಡುವೆ ಎರಡು ಮೂರು ಬೆರಳು ತೂರಿಸಿ ನೋಡಬೇಕು. ತೂರದಿದ್ದರೆ ಆ ಕುರ್ಚಿ ನಿಮ್ಮದಲ್ಲ. ಕುಳ್ಳಾದವರು ಇಂತಹ ಆಸನದಲ್ಲಿ ತಾವಾಗಿಯೇ ಅಂಚಿಗೆ ಬಂದು ಕೂರುವರು. ಒರಗಿಯು ಹಿಂದೆ ವ್ಯರ್ಥವಾಗಿ ನಿಂತಿರುವುದು. ಕೊಂಡದ್ದಾಗಿದ್ದರೆ ಬೆನ್ನಿಗೂ ಒರಗಿಗೂ ನಡುವೆ ಗಟ್ಟಿಯಾದ ದಿಂಬನ್ನಿಟ್ಟು ಉದ್ದವನ್ನು ಕುಗ್ಗಿಸಬಹುದು.

ಇನ್ನು ಬೆನ್ನಿನ ಮಾತು. ಸೊಂಟದ ಬಳಿ ಬೆನ್ನೆಲುಬು ಸ್ವಭಾವತಃ ಒಳಕ್ಕೆ ಬಾಗಿರುವುದು. ಕುಳಿತೊಡನೆ ಆ ಬಾಗು ಚಪ್ಪಟೆಯಾಗುತ್ತದೆ. ಸ್ವೀಡನ್ನಿನ ವೈದ್ಯ ಆಲ್ಫ್ ನಾಕೆಮ್ಸನ್ನರು 1960ರ ದಶಕದಲ್ಲಿ ಬೆನ್ನಮಣಿಗಳ ನಡುವಣ ಬಿಲ್ಲೆಗಳೊಳಗಿನ ಒತ್ತಡವನ್ನು ಸೂಜಿಯಿಂದ ಅಳೆದರು. ನಿಂತಿರುವಾಗಿಗಿಂತ ಆಸರೆಯಿಲ್ಲದೆ ಕುಳಿತಾಗ ಒತ್ತಡ ಅಧಿಕವೆಂದು ಅವರಿಗೆ ಕಂಡಿತು. ಜರ್ಮನಿಯಲ್ಲಿ ನಡೆದು 1999ರಲ್ಲಿ ಪ್ರಕಟವಾದ ಮತ್ತೊಂದು ಅಳತೆಯಲ್ಲಿ ಆ ಭೇದವು ಅಷ್ಟಾಗಿ ತೋರಲಿಲ್ಲ; ಆದರೆ ಮುಂದಕ್ಕೆ ಬಾಗಿ ಕುಳಿತರೆ ಒತ್ತಡ ಏರುವುದೆಂಬುದೂ ಹಿಂದಕ್ಕೆ ಒರಗಿದರೆ ಇಳಿಯುವುದೆಂಬುದೂ ನಿಂತವು. ಆದುದರಿಂದ ಕೋಲಿನಂತೆ ನೆಟ್ಟಗೆ ಕುಳ್ಳಿರಬೇಕೆಂಬ ಶಾಲೆಯ ಮೇಷ್ಟರ ಆಜ್ಞೆಯನ್ನು ನಾವು ಶಿರಸಾ ವಹಿಸಬೇಕಾಗಿಲ್ಲ. ಸ್ವಲ್ಪ ಹಿಂದಕ್ಕೊರಗಿ, ಸೊಂಟದ ಬಾಗಿಗೆ ಸುರುಳಿ ಸುತ್ತಿದ ಟವೆಲನ್ನು ಕೊಟ್ಟರೆ ಅಗ್ಗದ ಕುರ್ಚಿಯೂ ಸಹ್ಯವಾಗುವುದು. ಯಾವ ಕುರ್ಚಿಯಾದರೂ ಅರ್ಧಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯತಕ್ಕದ್ದೇ. ನೋವು ಕಾಲಿಗೆ ಇಳಿದರೆ, ಅಥವಾ ಕಾಲು ಜೋಮು ಹಿಡಿದು ಬಲ ತಗ್ಗಿದರೆ, ಕುರ್ಚಿಯನ್ನು ಬದಲಾಯಿಸುತ್ತ ಕೂರದೆ ವೈದ್ಯರಲ್ಲಿಗೆ ಹೋಗಬೇಕು.

ತಲೆಯೊರಗಿಗೆ ಹೆಚ್ಚು ಹಣ ಕೊಡುವುದು ನಮಗೆ ಸರಿತೋರದು. ಬರೆಯುವಾಗ ತಲೆ ಅದನ್ನು ಮುಟ್ಟುವುದೇ ಇಲ್ಲ. ಕೈಯಾಸರೆಯು ಮೇಜಿಗೆ ತಾಕಿ ಕುರ್ಚಿಯನ್ನು ದೂರ ನಿಲ್ಲಿಸುವಂತಿದ್ದರೆ ಅದು ಇಲ್ಲದಿರುವುದೇ ಲೇಸು. ಮೆತ್ತೆಯನ್ನು ಹೆಬ್ಬೆರಳಿನಿಂದ ಒತ್ತಿದಾಗ ಕೆಳಗಿನ ಹಲಗೆ ತಾಕಿದರೆ ವರ್ಷದೊಳಗೆ ಹಲಗೆಯ ಮೇಲೆಯೇ ಕುಳಿತಂತಾಗುವುದು. ಗಟ್ಟಿಯಾದ ನೈಲಾನ್ ಗಾಲಿಗಳು ರತ್ನಗಂಬಳಿಗೆ ಯೋಗ್ಯವೇ ಹೊರತು ನಮ್ಮ ಕಾವಿಯ ನೆಲಕ್ಕಲ್ಲ. ಅಲ್ಲಿಗೆ ಮೆದು ರಬ್ಬರಿನ ಹೊದಿಕೆಯವು ಬೇಕು.

ಕಾಲ ಕಳೆದಂತೆ ಕುರ್ಚಿಯು ಕುಳಿತವರೊಡನೆ ಮೆಲ್ಲನೆ ಕುಸಿಯತೊಡಗುವುದುಂಟು. ಅದರ ಕಂಬದಲ್ಲಿ ಒತ್ತಿ ತುಂಬಿದ ನೈಟ್ರೋಜನ್ ಅನಿಲವಿರುವುದು. ಒಳಗಿನ ಮುಚ್ಚಿಗೆಗಳು ಸವೆದಾಗ ಅನಿಲವು ನಿಲ್ಲದು. ಕಂಬವನ್ನು ಬಿಚ್ಚಿ ಅನಿಲ ತುಂಬುವ ಸಾಹಸಕ್ಕೆ ಮನೆಯಲ್ಲಿ ಯಾರೂ ಕೈಹಾಕಬಾರದು, ಅದು ಅಪಾಯಕರ. ಕಂಬವೊಂದನ್ನೇ ಹೊಸದಾಗಿ ಕೊಂಡು ಹಾಕಿಸಿದರೆ ಹೊಸ ಕುರ್ಚಿಯ ಬೆಲೆಯಲ್ಲಿ ಅಲ್ಪಭಾಗವಷ್ಟೇ ತಗಲುವುದು.