ಇಳಿಯಲು ಮೆಟ್ಟಿಲು ಬಿಟ್ಟ ಊರು

ಹಿಂಸೆಯ ಹಾದಿ ಹಿಡಿಯುವ ತರುಣರು ಮೊದಲು ಒಂದು ಸಿದ್ಧಾಂತವನ್ನು ಓದಿ ಒಪ್ಪಿಕೊಂಡು, ಆಮೇಲೆ ಗುಂಪು ಸೇರುತ್ತಾರೆ ಎಂದು ಬಹಳ ಜನ ತಿಳಿದಿದ್ದಾರೆ. ಸಮಾಜ ಮನಶ್ಶಾಸ್ತ್ರ ಕಂಡುಕೊಂಡಿರುವುದು ಹೆಚ್ಚಾಗಿ ಇದರ ತಿರುವುಮುರುವು. ಅಮೆರಿಕದ ಮನೋವೈದ್ಯ ಮಾರ್ಕ್ ಸೇಜ್‌ಮನ್ 2004ರಲ್ಲಿ ಹೊರತಂದ ಪುಸ್ತಕಕ್ಕಾಗಿ ಅಲ್ ಖೈದಾ ಹಾಗೂ ಅದರ ನಂಟಿನ ಜಾಲಗಳ 172 ಮಂದಿಯ ಬದುಕನ್ನು ಕೆದಕಿ ನೋಡಿದ್ದರು. ಹೆಚ್ಚಿನವರು ಕಡುಬಡವರಾಗಿರಲಿಲ್ಲ, ಓದು ಬಾರದವರಾಗಿರಲಿಲ್ಲ, ಮಾನಸಿಕ ರೋಗಿಗಳೂ ಆಗಿರಲಿಲ್ಲ. ಬಹುಪಾಲು ಮಂದಿಯನ್ನು ಒಳಗೆಳೆದದ್ದು ಗೆಳೆತನ, ಇಲ್ಲವೇ ನೆಂಟಸ್ತನ. ಮನೆ ಬಿಟ್ಟು ದೂರದ ಊರಿನಲ್ಲಿ ಒಂಟಿಯಾಗಿದ್ದ ಹುಡುಗರು ಒಬ್ಬರಿಗೊಬ್ಬರು ಆತುಕೊಂಡರು. ನಂಬಿಕೆ ಗಟ್ಟಿಯಾದದ್ದು ಆ ಒಡನಾಟದಲ್ಲಿ.

ಗುಂಪು ಅವರಿಗೆ ಕೊಟ್ಟದ್ದಾದರೂ ಏನು? ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಆರಿ ಕ್ರುಗ್ಲಾನ್ಸ್ಕಿ ಇದನ್ನು ಬಾಳಿಗೊಂದು ಬೆಲೆ ಹುಡುಕುವ ಹಂಬಲ ಎನ್ನುತ್ತಾರೆ. ಅವಮಾನ, ಸೋಲು, ತನ್ನವರಿಗೆ ಆದ ಅನ್ಯಾಯ ಇವೆಲ್ಲ ಮನುಷ್ಯನನ್ನು ಲೆಕ್ಕಕ್ಕಿಲ್ಲದವನನ್ನಾಗಿ ಮಾಡುತ್ತವೆ. ಕಳೆದ ಮಾನವನ್ನು ಹಿಂಸೆಯಿಂದಲೇ ಮರಳಿ ಪಡೆಯಬಹುದು ಎಂಬ ಕಥೆಯೊಂದು ಆಗ ಕಿವಿಗೆ ಬಿದ್ದು, ಆ ಕಥೆಗೆ ತಲೆದೂಗುವ ಬಳಗವೂ ಸಿಕ್ಕಿಬಿಟ್ಟರೆ ಅಪಾಯ. ಹಂಬಲವಂತೂ ಎಲ್ಲರಲ್ಲೂ ಇದೆ. ಸೈನಿಕರನ್ನೂ ಸಮಾಜಸೇವಕರನ್ನೂ ಕ್ರೀಡಾಪಟುಗಳನ್ನೂ ಮುನ್ನಡೆಸುವುದು ಅದೇ. ಆದ್ದರಿಂದ ಅದನ್ನು ರೋಗವೆಂದು ಕಾಣುವುದು ತಪ್ಪು.

ಇರಾನ್ ಮೂಲದ ಮನಶ್ಶಾಸ್ತ್ರಜ್ಞ ಫತಾಲಿ ಮೊಗದ್ದಮ್ 2005ರಲ್ಲಿ ಈ ಪಯಣವನ್ನು ಮೇಲೆ ಹೋದಂತೆ ಕಿರಿದಾಗುವ ಕಟ್ಟಡಕ್ಕೆ ಹೋಲಿಸಿದರು. ನೆಲ ಅಂತಸ್ತಿನಲ್ಲಿ ಲಕ್ಷಾಂತರ ಜನ, ಅಲ್ಲಿರುವುದು ಅಸಮಾಧಾನ ಮಾತ್ರ. ಒಂದೊಂದು ಮೆಟ್ಟಿಲು ಏರಿದಂತೆ ಜನ ಕಡಿಮೆಯಾಗುತ್ತಾರೆ, ತೆರೆದ ಬಾಗಿಲುಗಳೂ ಕಡಿಮೆಯಾಗುತ್ತವೆ. ಐದನೆಯ ಅಂತಸ್ತು ತಲುಪಿದವನಿಗೆ ಕೊಲ್ಲುವುದೊಂದೇ ದಾರಿಯಾಗಿ ಕಾಣುತ್ತದೆ. ಮನಶ್ಶಾಸ್ತ್ರಜ್ಞರಾದ ಕ್ಲಾರ್ಕ್ ಮೆಕಾಲಿ ಮತ್ತು ಸೋಫಿಯಾ ಮೊಸ್ಕಲೆಂಕೊ ಇದಕ್ಕೊಂದು ಮುಖ್ಯವಾದ ಎಚ್ಚರಿಕೆ ಸೇರಿಸಿದ್ದಾರೆ: ಉಗ್ರ ಅಭಿಪ್ರಾಯವೇ ಬೇರೆ, ಉಗ್ರ ಕೃತ್ಯವೇ ಬೇರೆ. ಕಟುವಾಗಿ ಮಾತನಾಡುವ ನೂರಾರು ಜನರಲ್ಲಿ ಆಯುಧ ಹಿಡಿಯುವವರು ಬೆರಳೆಣಿಕೆಯವರು. ಆಯುಧ ಹಿಡಿದವರಲ್ಲಿ ಸಿದ್ಧಾಂತದ ಗಂಧವೇ ಇಲ್ಲದವರೂ ಉಂಟು. ಮುಖ ನೋಡಿ, ಉಡುಪು ನೋಡಿ, ಪ್ರಾರ್ಥನೆಯ ಕ್ರಮ ನೋಡಿ ನಾಳಿನ ಭಯೋತ್ಪಾದಕನನ್ನು ಗುರುತಿಸುವ ಪಟ್ಟಿಗಳು ಸೋಲುವುದು ಇದೇ ಕಾರಣಕ್ಕೆ.

ಈ ತಿಳಿವಳಿಕೆ ಬೀದಿಗಿಳಿದು ಕೆಲಸ ಮಾಡಿದ್ದನ್ನು ಡೆನ್ಮಾರ್ಕಿನ ಎರಡನೆಯ ದೊಡ್ಡ ನಗರ ಆರ್ಹಸ್‌ನಲ್ಲಿ ಕಾಣಬಹುದು. 2005ರ ಜುಲೈ 7ರಂದು ಲಂಡನ್ನಿನಲ್ಲಿ 52 ಜನರನ್ನು ಬಲಿ ತೆಗೆದುಕೊಂಡವರು ಬ್ರಿಟನ್ನಿನಲ್ಲೇ ನೆಲೆಸಿದ್ದ ತರುಣರು. ಆ ಆಘಾತದ ನಂತರ, 2007ರಲ್ಲಿ, ಆರ್ಹಸ್ ನಗರಾಡಳಿತ ಮತ್ತು ಅಲ್ಲಿನ ಪೊಲೀಸರು ಒಟ್ಟಾಗಿ ತಡೆಯ ಕೆಲಸ ಶುರುಮಾಡಿದರು. ಹೊಸ ಇಲಾಖೆಯನ್ನೇನೂ ಕಟ್ಟಲಿಲ್ಲ. ಅಪ್ರಾಪ್ತರು ಅಪರಾಧಕ್ಕೆ ಇಳಿಯದಂತೆ ಶಾಲೆ, ಸಮಾಜ ಕಲ್ಯಾಣ, ಪೊಲೀಸ್ ಮೂರೂ ಕೂಡಿ ದಶಕಗಳಿಂದ ನಡೆಸುತ್ತಿದ್ದ ವ್ಯವಸ್ಥೆಯ ಮೇಲೆಯೇ ಇದನ್ನು ನಿಲ್ಲಿಸಿದರು. ಧಾರ್ಮಿಕ ಉಗ್ರವಾದಕ್ಕೂ ಬಲಪಂಥೀಯ ಉಗ್ರವಾದಕ್ಕೂ ಒಂದೇ ಕ್ರಮ.

ಮಗ ಮನೆಯವರೊಂದಿಗೆ ಮಾತು ಬಿಟ್ಟ, ಹಳೆಯ ಗೆಳೆಯರನ್ನು ತೊರೆದ ಎಂದು ಯಾರಾದರೂ ಆತಂಕದಿಂದ ಬಂದರೆ ಮೊದಲು ವಿಚಾರಿಸುವುದು ಈ ಯೋಜನೆಯ ಮಾಹಿತಿ ಕೇಂದ್ರದಲ್ಲಿ. ಹಲವು ಸಲ ಅದು ಹದಿಹರೆಯದ ಸಿಟ್ಟು ಅಷ್ಟೇ. ನಿಜವಾದ ಅಪಾಯವಿದ್ದರೆ ಆ ಹುಡುಗನಿಗೆ ಒಬ್ಬ ಮಾರ್ಗದರ್ಶಿಯನ್ನು ಜೊತೆಮಾಡುತ್ತಾರೆ. ಕಾಫಿ ಕುಡಿಯುತ್ತಾ ರಾಜಕೀಯ, ಧರ್ಮ, ಅನ್ಯಾಯ ಯಾವುದರ ಬಗ್ಗೆಯೂ ಅವನೊಂದಿಗೆ ವಾದಿಸಬಲ್ಲ, ಹಾಗೆಯೇ ಕಾಲೇಜು, ಕೆಲಸ, ಬಾಡಿಗೆ ಮನೆಯ ಸಮಸ್ಯೆಗಳನ್ನೂ ಬಿಡಿಸಬಲ್ಲ ವ್ಯಕ್ತಿ ಅವರು. ನಂಬಿಕೆಯನ್ನು ಬಿಡು ಎಂದು ಹೇಳುವುದಿಲ್ಲ. ಹಿಂಸೆಯನ್ನು ಬಿಟ್ಟು ಅದೇ ಕಾಳಜಿಯಿಂದ ಹೇಗೆ ಬದುಕಬಹುದು ಎಂದು ಹುಡುಕಲು ನೆರವಾಗುತ್ತಾರೆ. ಇದಕ್ಕೆ ಶಾಸ್ತ್ರದ ಆಧಾರ ಒದಗಿಸಿದವರು ಆರ್ಹಸ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರ ಪ್ರಾಧ್ಯಾಪಕ ಪ್ರೆಬೆನ್ ಬರ್ಟೆಲ್ಸನ್. ಬದುಕಿನ ದಿನನಿತ್ಯದ ಹೊಣೆಗಳನ್ನು ನಿಭಾಯಿಸುವ ಕೌಶಲ ಬಂದರೆ ಹಿಂಸೆಯ ಸೆಳೆತ ಸಡಿಲವಾಗುತ್ತದೆ ಎಂಬುದು ಅವರ ವಾದ.

ಪರೀಕ್ಷೆಯ ಕಾಲ ಬಂದದ್ದು ಸಿರಿಯಾ ಯುದ್ಧದೊಂದಿಗೆ. 2013ರ ವೇಳೆಗೆ ನಗರದ ಸುಮಾರು 30 ತರುಣರು ಅಲ್ಲಿಗೆ ಹೋಗಿದ್ದರು, ಅವರಲ್ಲಿ ಹೆಚ್ಚಿನವರು ಒಂದೇ ಮಸೀದಿಯ ಒಡನಾಟದವರು. ಆ ಮಸೀದಿಯನ್ನು ಮುಚ್ಚಿಸಿ ಎಂಬ ಕೂಗೆದ್ದಾಗಲೂ ಪೊಲೀಸರು ಅದರ ಮುಖಂಡರೊಂದಿಗೆ ಮಾತುಕತೆ ಬಿಡಲಿಲ್ಲ. ಹೋದವರ ತಂದೆತಾಯಂದಿರ ಕೂಟವೂ ನಡೆಯಿತು. ಮರಳಿ ಬಂದವರಲ್ಲಿ ಅಪರಾಧಕ್ಕೆ ಸಾಕ್ಷ್ಯ ಇದ್ದವರ ಮೇಲೆ ಮೊಕದ್ದಮೆ; ಉಳಿದವರಿಗೆ ಚಿಕಿತ್ಸೆ, ಓದು, ವಸತಿಯ ನೆರವು. ಭಯೋತ್ಪಾದಕರನ್ನು ಮುದ್ದಿಸುವ ನೀತಿ ಎಂದು ಟೀಕಾಕಾರರು ಜರೆದರು. 2014ರಲ್ಲಿ ಸಿರಿಯಾಕ್ಕೆ ಹೋದವನು ಒಬ್ಬನೇ ಎಂದು ಪೊಲೀಸರ ಲೆಕ್ಕ ಹೇಳಿತು. ಈ ಇಳಿಕೆಯ ಪೂರ್ತಿ ಶ್ರೇಯಸ್ಸನ್ನು ಯೋಜನೆಗೇ ಕೊಡಲಾಗದು. ಸಂಖ್ಯೆಯೂ ಚಿಕ್ಕದು, ಯುದ್ಧದ ಸ್ವರೂಪವೂ ಅಷ್ಟರಲ್ಲಿ ಬದಲಾಗಿತ್ತು. ಆದರೂ ಮನೆಯವರು ಹೆದರದೆ ಪೊಲೀಸರ ಬಾಗಿಲು ತಟ್ಟಿದ್ದು ಸಣ್ಣ ಸಂಗತಿಯಲ್ಲ.

ಆ ವಿಶ್ವಾಸ ಒಡೆದರೆ ಏನಾಗುತ್ತದೆ ಎಂಬುದಕ್ಕೆ ಬ್ರಿಟನ್ನಿನ ಅನುಭವವಿದೆ. ಉಗ್ರವಾದದತ್ತ ಹೊರಳುವವರನ್ನು ತಡೆಯುವ ಹೊಣೆಯನ್ನು 2015ರಲ್ಲಿ ಅಲ್ಲಿನ ಕಾನೂನೊಂದು ಶಾಲೆ, ಆಸ್ಪತ್ರೆಗಳ ಮೇಲೆ ಹೊರಿಸಿತು. ಮುಸ್ಲಿಂ ಕುಟುಂಬಗಳಲ್ಲಿ ಅನೇಕರು ತಮ್ಮ ಮಕ್ಕಳ ಮೇಲೆ ಕಣ್ಣಿಡಲಾಗುತ್ತಿದೆ ಎಂದು ನೊಂದುಕೊಂಡರು. ಅನುಮಾನದ ನೋಟವೂ ಅವಮಾನವೇ. ತಡೆಯಬೇಕಾದ ಯೋಜನೆ ಆಗ ಮೊದಲ ಮೆಟ್ಟಿಲಾಗಿಬಿಡುತ್ತದೆ.

ಮೇಲಿನ ಅಂತಸ್ತು ತಲುಪಿದವರನ್ನು ಇಳಿಸುವುದು ಇನ್ನೂ ಕಷ್ಟ. ಸ್ವೀಡನ್ನಿನಲ್ಲಿ 1998ರಲ್ಲಿ ಆರಂಭವಾದ ಎಕ್ಸಿಟ್ ಸಂಸ್ಥೆಯನ್ನು ಕಟ್ಟಿದವರು ಸ್ವತಃ ನವನಾಜಿ ಗುಂಪಿನಿಂದ ಹೊರಬಂದ ವ್ಯಕ್ತಿ. ಗುಂಪು ಬಿಟ್ಟವನು ಒಂದೇ ಏಟಿಗೆ ಗೆಳೆಯರು, ಹೆಸರು, ದಿನಚರಿ ಎಲ್ಲವನ್ನೂ ಕಳೆದುಕೊಳ್ಳುತ್ತಾನೆ. ಹಳೆಯ ಸಂಗಾತಿಗಳ ಬೆದರಿಕೆ ಬೇರೆ. ಆದ್ದರಿಂದ ಅಲ್ಲಿ ಸಿದ್ಧಾಂತದ ಚರ್ಚೆಗಿಂತ ಮುಂಚೆ ನಡೆಯುವುದು ಸುರಕ್ಷತೆ, ಉದ್ಯೋಗ, ಹೊಸ ಒಡನಾಟದ ಕೆಲಸ. ಅದೇ ಹಾದಿಯಲ್ಲಿ ನಡೆದು ಬಂದವರೊಬ್ಬರು ಆ ಖಾಲಿ ತಿಂಗಳುಗಳಲ್ಲಿ ಫೋನಿಗೆ ಸಿಗುವಂತೆ ಇರುತ್ತಾರೆ.