ಯೋನಾತಾನನ ನಿಮಿತ್ತ: ಹಳೆಯ ಪ್ರಮಾಣವೂ ಹೆಸೆದ್ ಎಂಬ ಪದವೂ

ಸಂದರ್ಭಕ್ಕೆ ತಕ್ಕಂತೆ ದಯೆ, ಕೃಪೆ, ಪ್ರೀತಿ ಎಂದು ಅನುವಾದವಾಗುವ ಹೀಬ್ರೂ ಪದ ‘ಹೆಸೆದ್’. ಈ ಕನ್ನಡ ಪದಗಳು ಹೃದಯದ ಭಾವವನ್ನು ಸೂಚಿಸುತ್ತವೆ. ಕೊಟ್ಟ ಮಾತಿನ ಋಣವನ್ನು ಅಷ್ಟಾಗಿ ಸೂಚಿಸುವುದಿಲ್ಲ. ಯೋನಾತಾನನು ದಾವೀದನಿಂದ ಬೇಡಿದ ಹೆಸೆದ್ ತನ್ನ ಜೀವಮಾನಕ್ಕೆ ಮಾತ್ರವಲ್ಲ, ತನ್ನ ಮನೆತನಕ್ಕೂ ಸಲ್ಲಬೇಕಾಗಿತ್ತು (1 ಸಮು. 20:14-17). ಅದು ಒಡಂಬಡಿಕೆಯ ಮಾತು.

2 ಸಮುವೇಲ 9ನೇ ಅಧ್ಯಾಯವನ್ನು ಈ ಹಿನ್ನೆಲೆಯಲ್ಲಿ ಓದಬೇಕು. ತಂದೆ ಸತ್ತಾಗ ಮೆಫೀಬೋಶೆತನು ಐದು ವರ್ಷದ ಮಗು (4:4). ದಾವೀದನು ಅವನನ್ನು ಕರೆಸುವಾಗ ಅವನಿಗೇ ಒಬ್ಬ ಚಿಕ್ಕ ಮಗನಿದ್ದಾನೆ (9:12). ನಡುವಿನ ವರ್ಷಗಳಲ್ಲಿ ಅವನು ಲೋದೆಬಾರಿನಲ್ಲಿ ಪರರ ಮನೆಯಲ್ಲಿದ್ದನು. ಪ್ರಮಾಣವು ತಡವಾಗಿ ನೆನಪಾಯಿತೆಂಬುದನ್ನು ನಮ್ಮ ಪ್ರಸಂಗಗಳು ಸಾಮಾನ್ಯವಾಗಿ ದಾಟಿಬಿಡುತ್ತವೆ. ಆದರೂ ವಿಚಾರಿಸಿದವನು ಅರಸನೇ. ಸಾಕ್ಷಿ ಸತ್ತಿದ್ದನು; ಹಕ್ಕುದಾರನು ಹಳೆಯ ರಾಜವಂಶದವನಾದ್ದರಿಂದ ಮುಂದೆ ಬರಲು ಹೆದರುವವನು.

ಅಂಬೇವಾಡಿ, ದಾಂಡೇಲಿ, ಜೋಯಿಡಾ ಭಾಗದಲ್ಲಿ ಸೇವೆ ಮಾಡುವವರಿಗೆ ಈ ಪಾಠವು ದೂರದ್ದಲ್ಲ. ಕಾಳಿ ನದಿಗೆ ಅಡ್ಡಲಾಗಿ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು ಎದ್ದಾಗ ಹಳೆಯ ಸೂಪಾ ಪಟ್ಟಣವು ಮುಳುಗಿತು. ಜೋಯಿಡಾ ತಾಲ್ಲೂಕು ಕೇಂದ್ರವಾಯಿತು. ನೆಲ ಬಿಟ್ಟವರಲ್ಲಿ ಅನೇಕರು ರಾಮನಗರದಲ್ಲಿ ನೆಲೆಸಿದರು. ಅಂದು ಹೊಲ ಬಿಟ್ಟವರಲ್ಲಿ ಹಲವರು ಈಗಿಲ್ಲ, ಅವರ ಮಕ್ಕಳಿದ್ದಾರೆ. ಒಡಂಬಡಿಕೆಯ ದೃಷ್ಟಿಯಲ್ಲಿ ತಂದೆಗೆ ಕೊಟ್ಟ ಮಾತು ತಂದೆಯೊಂದಿಗೆ ಹೂಳಲ್ಪಡುವುದಿಲ್ಲ. ಕೊಟ್ಟ ಅಧಿಕಾರಿ ವರ್ಗವಾಗಿ ಹೋದರೂ ಅಳಿಯುವುದಿಲ್ಲ. ಹಿಂದಿನ ಸಭಾಪಾಲಕರು ಒಂದು ಕುಟುಂಬಕ್ಕೆ ಕೊಟ್ಟ ಮಾತಿಗೂ ಇದೇ ನ್ಯಾಯ.

ಆದರೆ ದಾವೀದನನ್ನು ದೋಷವಿಲ್ಲದ ಮಾದರಿಯಾಗಿ ನಿಲ್ಲಿಸಲು ಗ್ರಂಥವೇ ಬಿಡುವುದಿಲ್ಲ. ಚೀಬನ ಒಂದೇ ದೂರಿಗೆ ಅವನು ಮೆಫೀಬೋಶೆತನ ಆಸ್ತಿಯನ್ನೆಲ್ಲಾ ಕೊಟ್ಟುಬಿಟ್ಟನು (16:4). ಸತ್ಯ ಕೇಳಿದ ಮೇಲೂ ಅರ್ಧವನ್ನೇ ಹಿಂದಿರುಗಿಸಿದನು (19:29). 21ನೇ ಅಧ್ಯಾಯವು ಇನ್ನೂ ಕಠಿಣ. ಯೆಹೋಶುವನ ಕಾಲದಲ್ಲಿ ಗಿಬ್ಯೋನ್ಯರಿಗೆ ಮಾಡಿದ ಪ್ರಮಾಣವನ್ನು ಸೌಲನು ಮುರಿದಿದ್ದರಿಂದ ದೇಶಕ್ಕೆ ಬರ ಬಂದಿತು. ಅದಕ್ಕಾಗಿ ಸೌಲನ ವಂಶದ ಏಳು ಮಂದಿ ಒಪ್ಪಿಸಲ್ಪಟ್ಟರು. ಯೋನಾತಾನನ ಪ್ರಮಾಣದ ನಿಮಿತ್ತ ಮೆಫೀಬೋಶೆತನು ಉಳಿದನು (21:7). ಸೌಲನ ಸಂತಾನವನ್ನು ನಿರ್ಮೂಲಮಾಡುವುದಿಲ್ಲವೆಂದು ದಾವೀದನು ಸೌಲನಿಗೂ ಆಣೆಯಿಟ್ಟಿದ್ದನು (1 ಸಮು. 24:21-22). ಅದರ ಬಗ್ಗೆ ಈ ಅಧ್ಯಾಯವು ಒಂದು ಮಾತನ್ನೂ ಆಡುವುದಿಲ್ಲ. ವ್ಯಾಖ್ಯಾನಕಾರರು ಈ ಮೌನವನ್ನು ಅವಸರದಿಂದ ತುಂಬಬಾರದೆಂದು ನಮ್ಮ ಅಭಿಪ್ರಾಯ.

ಆ ಮೌನದ ನಡುವೆ ಮಾತಾಡದೆ ಕುಳಿತವಳು ರಿಚ್ಪ. ಸುಗ್ಗಿಯ ಆರಂಭದಿಂದ ಮಳೆ ಬೀಳುವವರೆಗೆ ಬಂಡೆಯ ಮೇಲೆ ಗೋಣಿತಟ್ಟು ಹಾಸಿಕೊಂಡು ಹಗಲು ಹಕ್ಕಿಗಳನ್ನೂ ರಾತ್ರಿ ಕಾಡುಮೃಗಗಳನ್ನೂ ಓಡಿಸಿದಳು. ಅವಳ ವರ್ತಮಾನವನ್ನು ಕೇಳಿದ ಮೇಲೆಯೇ ದಾವೀದನು ಯಾಬೇಷಿಗೆ ಹೋಗಿ ಯೋನಾತಾನನ ಎಲುಬುಗಳನ್ನು ತಂದನು.