ಬರಿಗೈಲಿ ಬಂದವನ ಗಂಟಿನಲ್ಲಿ ಏನಿತ್ತು?

ಶಿರಾ ಬಸ್ ನಿಲ್ದಾಣದಲ್ಲಿ ಬೆಂಗಳೂರಿನ ಬಸ್ಸಿಳಿಯುವ ಹುಡುಗನಿಗೆ ಎದುರಾಗುವ ಪ್ರಶ್ನೆ ಒಂದೇ: ‘ಯಾಕೋ, ವಾಪಸ್ ಬಂದ್ಬಿಟ್ಟಾ?’ ಹಬ್ಬಕ್ಕೆ ಬಂದಿದ್ದರೆ ಪರವಾಗಿಲ್ಲ. ಹಬ್ಬವಿಲ್ಲದ ದಿನ ಹೆಗಲಿಗೆ ದೊಡ್ಡ ಬ್ಯಾಗು ಹಾಕಿಕೊಂಡು ಬಂದರೆ ಟೀ ಅಂಗಡಿಯವನಿಂದ ಸೋದರಮಾವನವರೆಗೆ ಎಲ್ಲರಿಗೂ ಅರ್ಥವಾಗಿಬಿಡುತ್ತದೆ. ಮಳೆ ಕೈಕೊಟ್ಟರೆ ಕಡಲೆಕಾಯಿಯೂ ಕೈಕೊಡುವ ಈ ಸೀಮೆಯಲ್ಲಿ ಊರು ಬಿಡುವುದು ಹೊಸದಲ್ಲ. ಸುಮಾರು 120 ಕಿಲೋಮೀಟರ್ ಆಚೆಯ ಬೆಂಗಳೂರು ಎಷ್ಟೋ ಮನೆಗಳಿಗೆ ಇನ್ನೊಂದು ಹೊಲವಿದ್ದಂತೆ. ಹೋಗುವುದಕ್ಕೆ ಯಾರ ತಕರಾರೂ ಇಲ್ಲ. ಬರಿಗೈಲಿ ಮಾತ್ರ ಬರಬಾರದು.

ಈ ಲೆಕ್ಕ ಹಿಡಿದರೆ ಬರಿಗೈಲಿ ಬಂದವರ ಪಟ್ಟಿಯಲ್ಲಿ ದೊಡ್ಡ ಹೆಸರೊಂದನ್ನು ಬರೆಯಬೇಕಾಗುತ್ತದೆ: ಸುನಿಲ್ ಚೆಟ್ರಿ. 2013ರಿಂದ ಬೆಂಗಳೂರನ್ನೇ ತಮ್ಮ ಅಂಗಳ ಮಾಡಿಕೊಂಡ ಈ ಕಾಲ್ಚೆಂಡು ಆಟಗಾರ ಒಪ್ಪಂದ ಕುದುರಿಸಿಕೊಂಡು ವಿದೇಶದ ಬಾಗಿಲಿಗೆ ಹೋದದ್ದು ಮೂರು ಸಲ. ಒಂದು ಸಲ ಬಾಗಿಲೇ ತೆರೆಯಲಿಲ್ಲ. ಇನ್ನೆರಡು ಸಲ ಒಳಗೆ ಹೋದವರು ಹೆಚ್ಚು ದಿನ ನಿಲ್ಲಲಿಲ್ಲ.

ಅದಕ್ಕೂ ಮೊದಲಿನ ಕಥೆಯೊಂದಿದೆ. ಸಿಕಂದರಾಬಾದಿನಲ್ಲಿ ಹುಟ್ಟಿದ, ಸೈನಿಕನ ಮಗ ಚೆಟ್ರಿ 2002ರಲ್ಲಿ ಕೋಲ್ಕತ್ತದ ಮೋಹನ್ ಬಾಗಾನ್ ಕ್ಲಬ್ ಸೇರಿದಾಗ ವಯಸ್ಸಿನ್ನೂ 18 ದಾಟಿರಲಿಲ್ಲ. ಕೋಲ್ಕತ್ತದಲ್ಲಿ ಗೆದ್ದವನನ್ನು ಹೊತ್ತು ಮೆರೆಸುತ್ತಾರೆ, ಸೋತವನು ಮನೆ ಸೇರುವುದೇ ಕಷ್ಟ. ಸೋತ ದಿನಗಳಲ್ಲಿ ಅತ್ತಿದ್ದನ್ನು, ಒಮ್ಮೆ ತಂದೆಗೆ ಫೋನ್ ಮಾಡಿ ಇದು ನನ್ನ ಕೈಲಾಗುವ ಕೆಲಸವಲ್ಲ ಎಂದಿದ್ದನ್ನು ಚೆಟ್ರಿ ಸಂದರ್ಶನಗಳಲ್ಲಿ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ಮನೆಯವರು ಧೈರ್ಯ ತುಂಬಿದರು, ಹುಡುಗ ಉಳಿದುಕೊಂಡ. ಪಾಸ್‌ಪೋರ್ಟ್ ಬೇಕಿಲ್ಲದ ಪರದೇಶ ಅದು.

ಇನ್ನು ಆ ಮೂರು ಬಾಗಿಲುಗಳು. 2009ರಲ್ಲಿ ಲಂಡನ್ನಿನ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಕ್ಲಬ್ ಕರೆಯಿತು. ಒಪ್ಪಂದವೆಲ್ಲ ಕುದುರಿದ ಮೇಲೆ ಬ್ರಿಟನ್ ಸರ್ಕಾರ ಕೆಲಸದ ಪರವಾನಗಿ ಕೊಡಲಿಲ್ಲ. ಆಟಗಾರನ ದೇಶ ಫಿಫಾ ಪಟ್ಟಿಯ ಮೊದಲ 70ರೊಳಗೆ ಇರಬೇಕೆಂಬುದು ಆಗ ಅಲ್ಲಿದ್ದ ನಿಯಮ. ಭಾರತ ಅದರ ಹತ್ತಿರಕ್ಕೂ ಇರಲಿಲ್ಲ. ಚೆಟ್ರಿಯ ಕಾಲು ಹೇಗೆ ಓಡುತ್ತದೆ ಎಂದು ಯಾರೂ ಕೇಳಲಿಲ್ಲ. ಪಾಸ್‌ಪೋರ್ಟ್ ಯಾವ ದೇಶದ್ದು ಎಂದು ನೋಡಿದರು.

2010ರ ಮಾರ್ಚ್‌ನಲ್ಲಿ ಅಮೆರಿಕದ ಕನ್ಸಾಸ್ ಸಿಟಿ ವಿಜರ್ಡ್ಸ್ ಸೇರಿದರು. ಅಲ್ಲಿನ ಮೇಜರ್ ಲೀಗ್ ಸಾಕರ್‌ನಲ್ಲಿ ಒಂದೇ ಒಂದು ಪಂದ್ಯವನ್ನೂ ಆಡಲಿಲ್ಲ. ಓಪನ್ ಕಪ್‌ನ ಒಂದು ಪಂದ್ಯ, ಮ್ಯಾಂಚೆಸ್ಟರ್ ಯುನೈಟೆಡ್ ಎದುರಿನ ಸ್ನೇಹಪಂದ್ಯದಲ್ಲಿ ಬದಲಿ ಆಟಗಾರನಾಗಿ ಸ್ವಲ್ಪ ಹೊತ್ತು, ಅಷ್ಟೇ. ವರ್ಷ ತುಂಬುವುದರೊಳಗೆ ವಾಪಸ್.

2012ರಲ್ಲಿ ಲಿಸ್ಬನ್ನಿನ ಸ್ಪೋರ್ಟಿಂಗ್ ಕ್ಲಬ್. ಕ್ರಿಸ್ಟಿಯಾನೊ ರೊನಾಲ್ಡೊ ಬೆಳೆದು ಬಂದ ಮನೆ ಅದು. ಹೋಗಿ ಒಂದು ವಾರದಲ್ಲೇ ಮುಖ್ಯ ಕೋಚ್ ಕರೆದು, ನೀನು ಈ ತಂಡಕ್ಕೆ ಸಾಲುವುದಿಲ್ಲ, ‘ಬಿ’ ತಂಡಕ್ಕೆ ಹೋಗು ಎಂದರಂತೆ. ಕೋಚ್ ಹೇಳಿದ್ದು ಸರಿಯಾಗಿತ್ತು, ಅಲ್ಲಿನ ಆಟದ ವೇಗಕ್ಕೆ ತಾನು ಒಗ್ಗಿರಲಿಲ್ಲ ಎಂದು ಚೆಟ್ರಿ ಮುಂದೆ ಒಪ್ಪಿಕೊಂಡರು. ‘ಬಿ’ ತಂಡದಲ್ಲೂ ಸಿಕ್ಕಿದ್ದು ಬೆರಳೆಣಿಕೆಯ ಪಂದ್ಯಗಳು. 2013ರ ಫೆಬ್ರುವರಿಯಲ್ಲಿ ಗೋವಾದ ಚರ್ಚಿಲ್ ಬ್ರದರ್ಸ್‌ಗೆ ಎರವಲು ಆಟಗಾರನಾಗಿ ಬಂದರು.

ಊರ ಕಟ್ಟೆಯ ಮೇಲೆ ಕೂತು ಹೇಳುವವರಿಗೆ ಇವೆಲ್ಲ ಒಂದೇ ಸಾಲಿನ ಕಥೆ: ಹೋದ, ಆಗಲಿಲ್ಲ, ಬಂದ. ಒಂದೊಂದನ್ನೂ ಬಿಡಿಸಿ ನೋಡಿದರೆ ಕಾರಣಗಳು ಬೇರೆ ಬೇರೆ. ಲಂಡನ್ನಿನಲ್ಲಿ ಅಡ್ಡ ಬಂದದ್ದು ಕಾಗದ. ಕನ್ಸಾಸ್‌ನಲ್ಲಿ ಅವಕಾಶವೇ ಬರಲಿಲ್ಲ. ಲಿಸ್ಬನ್ನಿನಲ್ಲಿ ಕಡಿಮೆ ಬಿದ್ದದ್ದು ತನ್ನದೇ ವೇಗ. ಸೋತವನು ಮೂರನ್ನೂ ‘ಹಣೆಬರಹ’ ಎಂಬ ಒಂದೇ ಚೀಲಕ್ಕೆ ತುಂಬಿದರೆ ಮನಸ್ಸು ಹಗುರಾದೀತು, ಆಟ ಸುಧಾರಿಸದು. ಕಾಗದಕ್ಕೆ ಮದ್ದಿಲ್ಲ, ವೇಗಕ್ಕೆ ಉಂಟು. ಯಾವುದು ಯಾವುದೆಂದು ವಿಂಗಡಿಸಿಕೊಳ್ಳುವ ಈ ಪ್ರಾಮಾಣಿಕತೆಯೇ ಚೆಟ್ರಿ ಹೊರಗಿನಿಂದ ಹೊತ್ತು ತಂದ ಗಂಟು ಎಂದು ನನಗನ್ನಿಸುತ್ತದೆ.

ಆ ಗಂಟು ಎಲ್ಲಿ ಬಿಚ್ಚಿಕೊಂಡಿತು ಎನ್ನುವುದಕ್ಕೆ ದಾಖಲೆಯಿದೆ. ಕನ್ಸಾಸ್‌ನಿಂದ ಬಂದವರು 2011ರ ಜನವರಿಯಲ್ಲಿ ದೋಹಾದ ಏಷ್ಯಾ ಕಪ್‌ನಲ್ಲಿ ಬಹರೇನ್ ಮತ್ತು ದಕ್ಷಿಣ ಕೊರಿಯಾ ವಿರುದ್ಧ ಗೋಲು ಹೊಡೆದರು. 1984ರ ನಂತರ ಭಾರತ ಆ ಕಪ್‌ಗೆ ಕಾಲಿಟ್ಟದ್ದು ಅದೇ ಮೊದಲು. ಲಿಸ್ಬನ್ನಿನಿಂದ ಬಂದ ಋತುವಿನಲ್ಲೇ ಚರ್ಚಿಲ್ ಐ-ಲೀಗ್ ಗೆದ್ದಿತು. ಅದೇ 2013ರ ಜುಲೈನಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿತು, ನಾಯಕನ ಪಟ್ಟಿ ಚೆಟ್ರಿಯ ತೋಳಿಗೆ ಬಂತು. ಮೊದಲ ಋತುವಿನಲ್ಲೇ ಐ-ಲೀಗ್, 2016ರಲ್ಲಿ ಮತ್ತೊಮ್ಮೆ. ಆ ವರ್ಷದ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಮಲೇಷ್ಯಾದ ಜೊಹೊರ್ ತಂಡವನ್ನು 3-1ರಿಂದ ಮಣಿಸಿ ಎಎಫ್‌ಸಿ ಕಪ್ ಫೈನಲ್‌ಗೆ ಹೋದಾಗ ಎರಡು ಗೋಲು ಅವರದೇ. ಫೈನಲ್ ಸೋತರು. 2019ರಲ್ಲಿ ಇಂಡಿಯನ್ ಸೂಪರ್ ಲೀಗ್ ಗೆದ್ದರು. 2024ರ ಜೂನ್ 6ರಂದು ಕುವೈತ್ ವಿರುದ್ಧ ಆಡಿ ದೇಶದ ತಂಡಕ್ಕೆ ವಿದಾಯ ಹೇಳುವಾಗ ಲೆಕ್ಕದಲ್ಲಿದ್ದದ್ದು 151 ಪಂದ್ಯ, 94 ಗೋಲು. ಆ ವಿದಾಯವನ್ನೂ ಮರುವರ್ಷ ಮುರಿದು ಮೈದಾನಕ್ಕೆ ಮರಳಿದರು. ವಾಪಸ್ ಬರಲು ನಾಚಿಕೊಳ್ಳುವ ಜನವಲ್ಲ ಇದು.

ಅವರ ಜೊತೆಗಾರ, ಗೋಲ್‌ಕೀಪರ್ ಗುರುಪ್ರೀತ್ ಸಿಂಗ್ ಸಂಧು ಕೂಡ ಇದೇ ದಾರಿ ತುಳಿದವರು. 22ರ ವಯಸ್ಸಿಗೆ, 2014ರಲ್ಲಿ, ನಾರ್ವೆಯ ಸ್ಟಾಬೆಕ್ ಕ್ಲಬ್‌ಗೆ ಹೋದರು. ಬಹುಪಾಲು ದಿನ ಕಳೆದದ್ದು ಬೆಂಚಿನ ಮೇಲೆ. 2016ರಲ್ಲಿ ಯುರೋಪಾ ಲೀಗ್‌ನಲ್ಲಿ ಆಡಿದ ಮೊದಲ ಭಾರತೀಯ ಎನಿಸಿದರು. ಮರುವರ್ಷ ಬೆಂಗಳೂರು ಎಫ್‌ಸಿಗೆ ಬಂದು ಗೋಲಿನ ಮುಂದೆ ನಿಂತರು.

ಹೋಗುವ ಚಾಳಿ ನಮ್ಮ ಕಾಲ್ಚೆಂಡಿಗೆ ಈಗ ಅಂಟಿದ್ದೂ ಅಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಬಹುತೇಕ ಆಟಗಾರರು ಬರಿಗಾಲಲ್ಲಿ ಆಡಿದರು. ಎರಡು ಪೆನಾಲ್ಟಿ ಹಾಳಾಗಿ 1-2ರಿಂದ ಸೋತ ಆ ಪಂದ್ಯದ ಏಕೈಕ ಭಾರತೀಯ ಗೋಲು ಬೆಂಗಳೂರಿನ ಸಾರಂಗಪಾಣಿ ರಾಮನ್ ಅವರದು. ಅದೇ ತಂಡದಲ್ಲಿದ್ದ ಬೆಂಗಳೂರಿನ ಅಹ್ಮದ್ ಖಾನ್ ಮರುವರ್ಷ ಕೋಲ್ಕತ್ತದ ಈಸ್ಟ್ ಬೆಂಗಾಲ್ ಸೇರಿ ಸುಮಾರು ಒಂದು ದಶಕ ಅಲ್ಲೇ ಆಡಿದರು. 1952ರ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯ ಭಾರತವನ್ನು 10-1ರಿಂದ ಬಡಿದಾಗ ಆ ಒಂದು ಗೋಲು ಹೊಡೆದದ್ದು ಅವರೇ. ಹತ್ತು ಗೋಲು ತಿಂದ ಮೇಲೂ ಎದುರಾಳಿಯ ಬಲೆ ಹುಡುಕುವವನ ಮೊಂಡುತನ ಎಂಥದಿರಬೇಕು!

ಶಿರಾ ಪಕ್ಕದ ಕಗ್ಗಲಡುವಿಗೆ ಹೋದವರಿಗೆ ಗೊತ್ತು, ಊರೊಳಗಿನ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟಿ ಮರಿ ಮಾಡುತ್ತವೆ. ಕಾಲ ಮುಗಿದಾಗ ಹಾರಿಹೋಗುತ್ತವೆ, ಮತ್ತೆ ಬರುತ್ತವೆ. ಊರಿನವರು ಅವಕ್ಕೆ ತೊಂದರೆ ಕೊಡುವುದಿಲ್ಲ, ತಮ್ಮವೆಂದೇ ಕಾಯುತ್ತಾರೆ. ಯಾಕೆ ಬಂದಿರಿ ಎಂದು ಕೊಕ್ಕರೆಯನ್ನು ಕೇಳದ ನಾವು ಮಕ್ಕಳನ್ನು ಮಾತ್ರ ಕೇಳುತ್ತೇವೆ.

2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಕರ್ನಾಟಕದ ಹುಡುಗರು ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷಗಳ ನಂತರ ರಾಜ್ಯ ತಂಡಗಳ ಕಾಲ್ಚೆಂಡು ಪಂದ್ಯಾವಳಿ ಸಂತೋಷ್ ಟ್ರೋಫಿಯನ್ನು ತಂದರು. ಅದನ್ನು ನೋಡಿ ಚೆಂಡಿನ ಹಿಂದೆ ಬಿದ್ದ ಹುಡುಗ ಹುಡುಗಿಯರು ನಮ್ಮ ತಾಲ್ಲೂಕುಗಳಲ್ಲೂ ಇದ್ದಾರು. ಅವರಲ್ಲಿ ಕೆಲವರು ಬೆಂಗಳೂರಿನ ಆಯ್ಕೆ ಶಿಬಿರಕ್ಕೋ ಕ್ರೀಡಾ ವಸತಿ ನಿಲಯಕ್ಕೋ ಹೋಗುತ್ತಾರೆ; ಹೆಚ್ಚಿನವರು ವಾಪಸ್ ಬರುತ್ತಾರೆ. ಹಾಗೆ ಬಂದವನೊಬ್ಬ ಹಬ್ಬವಿಲ್ಲದ ದಿನ ದೊಡ್ಡ ಬ್ಯಾಗು ಹೊತ್ತು ಬಸ್ಸಿಳಿದರೆ ಪ್ರಶ್ನೆ ಆಮೇಲಿರಲಿ. ಮೊದಲು ಒಂದು ಟೀ ಕೊಡಿಸಿ. ತಪ್ಪಿದ್ದು ಕಾಗದವೋ, ಅವಕಾಶವೋ, ವೇಗವೋ ಎಂದು ಅವನಿಗಿನ್ನೂ ತಿಳಿದಿರಲಿಕ್ಕಿಲ್ಲ.